ಹಡಗು ಹತ್ತೋ ದಿನ ಅಮ್ಮ ಸೀರೆ ಉಟ್ಟರೆ ಏನೀಗ?

ಬ್ಲಾಗು ಬರೆಯದೆ ಆರು ತಿಂಗಳಾಯ್ತು. "ಎಲ್ಲಿ ಮಾರಾಯಾ, ಇದೀಯೋ ಇಲ್ವೋ" ಅಂತ ವಿಚಾರಿಸಿಕೊಂಡ ಇಬ್ಬರಿಗೆ (ಹೌದು, ಇಬ್ಬರೇ!) ಥ್ಯಾಂಕ್ಸ್. ಮೊದಲು ಆಫೀಸಿನ ಕೆಲಸ, ಅದು ಮುಗಿಯೋ ಹೊತ್ತಿಗೆ ಹಾಸನದಿಂದ ಅಪ್ಪ ಅಮ್ಮ ಬಂದ್ರು, ಅವರ ಜೊತೆ ಓಡಾಟ. ಮೊನ್ನೆ ಅವರನ್ನ ವಿಮಾನ ಹತ್ತಿಸಿ ಬಂದ ಮೇಲೆ ಮನೆ ಬಿಕೋ ಅಂತಿದೆ. ಅದಕ್ಕೇ ನಿಮ್ಮ ತಲೆ ತಿನ್ನೋಕೆ ಬಂದಿದೀನಿ.

ಇವತ್ತಿನ ಕೊರೆತ ಕ್ರೂಸಿನ ಬಗ್ಗೆ. ಹೆದರಬೇಡಿ, ಪ್ರವಾಸ ಕಥನ ಅಲ್ಲ, ಸೂರ್ಯಾಸ್ತದ ಫೋಟೋ ಕೂಡ ಹಾಕಲ್ಲ. ನನಗೆ ಸಿಟ್ಟು ಬರಿಸಿದ ಒಂದು ಪ್ರಶ್ನೆ ಇದೆ, ಅದರ ಸುತ್ತ ಮಾತ್ರ ಬರೀತೀನಿ.

ಟೆಕ್ಸಸ್‌ನಲ್ಲಿರೋ ನಮ್ಮ ಜನ ಊರಿಂದ ಬಂದ ಅಪ್ಪ ಅಮ್ಮಂಗೆ ತೋರಿಸೋ ಜಾಗಗಳು ಲೆಕ್ಕಕ್ಕೆ ಸಿಗುವಷ್ಟೇ. ಹ್ಯೂಸ್ಟನ್ನಿನ ನಾಸಾ, ಪಕ್ಕದ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ, ಸ್ಯಾನ್ ಆಂಟೋನಿಯೋದ ಹೊಳೆ ದಂಡೆ. ಇವೆಲ್ಲ ಮುಗಿದ ಮೇಲೆ ಉಳಿಯೋದು ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡೋ ಹಡಗು. ಐದು ರಾತ್ರಿ, ಮೆಕ್ಸಿಕೋದ ಕೊಜುಮೆಲ್, ಕೋಸ್ಟಾ ಮಾಯಾ ನೋಡಿಕೊಂಡು ವಾಪಸ್. ನಾನಿರೋ ಆಸ್ಟಿನ್ನಿಂದ ಬಂದರಿಗೆ ಕಾರಲ್ಲಿ ನಾಲ್ಕು ತಾಸು. ಊಟ, ವಸತಿ ಎಲ್ಲ ಒಂದೇ ಕಡೆ, ದಿನಾ ಸೂಟ್‌ಕೇಸು ಕಟ್ಟಿ ಬಿಚ್ಚೋ ಗೋಳಿಲ್ಲ. ಮಂಡಿನೋವು ಇರೋ ಅಪ್ಪನಿಗೆ ಇದಕ್ಕಿಂತ ಒಳ್ಳೆ ಪ್ರವಾಸ ಇಲ್ಲ ಅನ್ನೋದು ನನ್ನ ಲೆಕ್ಕಾಚಾರ.

ಟಿಕೆಟ್ ಮಾಡಿಸಿದ ವಿಷಯ ಫ್ಯಾಮಿಲಿ ವಾಟ್ಸಾಪಿನಲ್ಲಿ ಬಿದ್ದಿದ್ದೇ ತಡ, ಎಲ್ಲರದೂ ಒಂದೇ ಪ್ರಶ್ನೆ: "ಮೊದಲನೇ ದಿನಕ್ಕೆ ಏನು ಹಾಕ್ಕೋತೀರಿ?" ಎಲ್ಲಿಗೆ ಹೋಗ್ತೀರಿ, ಊಟಕ್ಕೇನು, ಅಪ್ಪನ ಮಂಡಿ ಹೇಗಿದೆ, ಊಹೂಂ. ಚಿಕ್ಕಮ್ಮನ ಮಗಳು ಒಬ್ಬಳಿದಾಳೆ, ಬೆಂಗಳೂರಲ್ಲಿ. ಅವಳು ಎಲ್ಲಿಂದಲೋ ಹುಡುಕಿ ಒಂದು ಪಟ್ಟಿ ಕಳಿಸಿದಳು. ಬಿಳಿ ಪ್ಯಾಂಟು, ಹೂವಿನ ಟಾಪು, ಅಗಲದ ಟೋಪಿ, ಕಪ್ಪು ಕನ್ನಡಕ. ಕೆಳಗೆ ಒಂದು ಸಾಲು: "ದೊಡ್ಡಮ್ಮ, ಅಲ್ಲಿ ಸೀರೆ ಗೀರೆ ಉಡಬೇಡಿ, ಎಲ್ರೂ ನಿಮ್ಮನ್ನೇ ನೋಡ್ತಾರೆ."

ಅಮ್ಮ ಅದನ್ನ ಎರಡು ಸಲ ಓದಿದಳು. ಮೂವತ್ತು ವರ್ಷ ಸೀರೆ ಉಟ್ಟುಕೊಂಡೇ ಬಸ್ಸು ಹತ್ತಿ, ಗದ್ದೆ ಬದು ನಡೆದು, ನನ್ನ ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಬಂದು ಮೇಷ್ಟ್ರ ಜೊತೆ ಜಗಳ ಆಡಿದ ಹೆಂಗಸು, "ಹೌದೇನೋ, ನಾನು ಸೀರೆ ಉಟ್ರೆ ನಿಂಗೆ ಅವಮಾನ ಆಗುತ್ತಾ?" ಅಂತ ಮೆಲ್ಲಗೆ ಕೇಳಿದಳು ನೋಡಿ, ನನಗೆ ಉರಿದು ಹೋಯ್ತು.

ಈ ಕಾಯಿಲೆ ಚಿಕ್ಕಮ್ಮನ ಮಗಳೊಬ್ಬಳದೇ ಅಲ್ಲ. ಅಮೆರಿಕಾದಲ್ಲಿರೋ ನಾವು ಸಾಫ್ಟ್‌ವೇರ್ ಮಕ್ಕಳು ಅಪ್ಪ ಅಮ್ಮನ್ನ ವಿಮಾನ ನಿಲ್ದಾಣದಿಂದ ಮನೆಗೆ ಕರ್ಕೊಂಡು ಬಂದ ಮೂರನೇ ದಿನಕ್ಕೇ ಅಂಗಡಿಗೆ ಎಳಕೊಂಡು ಹೋಗಿ ಜಾಕೆಟ್ಟು, ಟ್ರ್ಯಾಕ್ ಪ್ಯಾಂಟು, ಬಿಳೀ ಶೂ ತೊಡಿಸಿ ನಿಲ್ಲಿಸ್ತೀವಿ. ಚಳಿಗೆ ಅಂತಾದ್ರೆ ಸರಿ. ಫೋಟೋಗೆ ಅಂತಾದ್ರೆ ತಪ್ಪು. ಅವರಿಗೇ ಇಷ್ಟ ಇದ್ರೆ ಬೇರೆ ಮಾತು. ನನ್ನ ಫ್ರೆಂಡಿನ ತಾಯಿ ಒಬ್ಬರು ಇಲ್ಲಿಗೆ ಬಂದು ಜೀನ್ಸ್ ಹಾಕಿ, "ಇಷ್ಟು ವರ್ಷ ಯಾಕೆ ಹಾಕಿರ್ಲಿಲ್ಲ ಕಣೇ" ಅಂತ ಸೊಸೆಗೆ ಹೇಳಿ ಮೂರು ಜೊತೆ ಊರಿಗೆ ತಗೊಂಡು ಹೋದ್ರು. ಅವರಿಗೆ ನನ್ನದೊಂದು ಸಲಾಂ. ನನ್ನ ತಕರಾರು ಬಟ್ಟೆ ಮೇಲಲ್ಲ, "ಜನ ನೋಡ್ತಾರೆ" ಅನ್ನೋ ಮಾತಿನ ಮೇಲೆ.

ಹಡಗು ಹತ್ತೋ ದಿನ ಯಾರೂ ಯಾರನ್ನೂ ನೋಡಲ್ಲ ಸ್ವಾಮಿ. ಅವತ್ತಿನ ಅರ್ಧ ದಿನ ತಾಲ್ಲೂಕು ಕಚೇರಿ ಕ್ಯೂ ಇದ್ದ ಹಾಗೆ. ಬಾಗಿಲಲ್ಲಿ ದೊಡ್ಡ ಸೂಟ್‌ಕೇಸು ಪೋರ್ಟರ್ ಕೈಗೆ ಕೊಡಬೇಕು, ಆಮೇಲೆ ಸೆಕ್ಯುರಿಟಿ, ಅಲ್ಲಿಂದ ಪಾಸ್‌ಪೋರ್ಟು ನೋಡೋ ಕೌಂಟರು, ಆಮೇಲೆ ಉದ್ದನೆ ಸೇತುವೆ ಹತ್ತಿ ಹಡಗಿನ ಒಳಗೆ. ಅಲ್ಲಿ ಹೋದ್ರೆ ಕ್ಯಾಬಿನ್ ಇನ್ನೂ ರೆಡಿ ಇರಲ್ಲ, ಸಾಮಾನ್ಯವಾಗಿ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಬಿಡ್ತಾರೆ. ಅಲ್ಲೀತನಕ ಕೈಲಿದ್ದ ಬ್ಯಾಗು ಹೊತ್ಕೊಂಡೇ ಬಫೆ ಊಟ, ಹೊತ್ಕೊಂಡೇ ಡೆಕ್ಕಿನ ಸುತ್ತಾಟ. ಪೋರ್ಟರಿಗೆ ಕೊಟ್ಟ ಸೂಟ್‌ಕೇಸು ಮಧ್ಯಾಹ್ನವೂ ಬರಬಹುದು, ರಾತ್ರಿ ಊಟ ಮುಗಿಸಿ ಬಂದಾಗ ಬಾಗಿಲ ಮುಂದೆ ನಿಂತಿರಲೂಬಹುದು. ಸಾವಿರಾರು ಜನರ ಪೆಟ್ಟಿಗೆಗಳನ್ನ ಎಕ್ಸ್‌ರೇ ಮಾಡಿ, ಡೆಕ್ಕುವಾರು ವಿಂಗಡಿಸಿ ಹಂಚಬೇಕಲ್ಲ.

ಈ ಒಂದು ಸಂಗತಿ ತಲೇಲಿದ್ರೆ ಬಟ್ಟೆ ಪ್ರಶ್ನೆಗೆ ಉತ್ತರ ತಾನಾಗೇ ಸಿಗುತ್ತೆ. ಬೆಳಗ್ಗೆ ಹಾಕಿದ್ದು ರಾತ್ರಿ ಊಟದವರೆಗೂ ಮೈಮೇಲೆ ಇರುತ್ತೆ. ಕ್ಯೂನಲ್ಲಿ ಒಂದು ತಾಸು ನಿಲ್ಲೋಕೆ ಆಗಬೇಕು, ಬಿಸಿಲಿಗೆ ಬೇಯಬಾರದು, ಒಳಗಿನ ಏಸಿಗೆ ನಡುಗಬಾರದು. ಇಷ್ಟೇ. ಮೊದಲನೇ ರಾತ್ರಿ ಊಟಕ್ಕೆ ಕೋಟು ಬೂಟು ಯಾರೂ ಕೇಳಲ್ಲ. ಕಂಪನಿಯವರು ಠಾಕುಠೀಕಾಗಿ ಬನ್ನಿ ಅನ್ನೋ ರಾತ್ರಿ ಬೇರೆ ಇರುತ್ತೆ, ಸೂಟ್‌ಕೇಸು ಸಿಗದ ಜನರ ಮೇಲೆ ಮೊದಲ ದಿನವೇ ಆ ಹೊರೆ ಹೊರಿಸಲ್ಲ.

ನಾವು ಹೋಗಿದ್ದು ಫೆಬ್ರವರಿ. ಗ್ಯಾಲ್ವೆಸ್ಟನ್‌ನಲ್ಲಿ ಹದಿಮೂರು ಹದಿನಾಲ್ಕು ಡಿಗ್ರಿ, ಮೇಲಿಂದ ಸಮುದ್ರದ ಗಾಳಿ. ಅದೇ ಹಡಗು ಮೂರನೇ ದಿನ ಮುಟ್ಟೋ ಕಡೆ ಇಪ್ಪತ್ತೆಂಟು ಡಿಗ್ರಿ ಬಿಸಿಲು. ಇಂಟರ್‌ನೆಟ್ಟಿನ ಪಟ್ಟಿಗಳೆಲ್ಲ ಮಯಾಮಿ ಹವೆಗೆ ಬರೆದಿದ್ದು. ಅದನ್ನ ನಂಬಿ ಚಡ್ಡಿ, ತೋಳಿಲ್ಲದ ಅಂಗಿಯಲ್ಲಿ ಬಂದಿದ್ದ ಮಕ್ಕಳು ಟರ್ಮಿನಲ್ ಹೊರಗೆ ಹಲ್ಲು ಕಟಕಟ ಅನ್ನಿಸ್ತಾ ನಿಂತಿದ್ವು. ಅಮ್ಮ ಉಟ್ಟಿದ್ದು ಕಾಟನ್ ಸೀರೆ, ಮೇಲೊಂದು ಸ್ವೆಟರು, ಹೆಗಲಿಗೆ ಶಾಲು. ಕಾಲಿಗೆ ಮಾತ್ರ ನಾನು ಹಟ ಹಿಡಿದು ಹಿಂದೆ ಪಟ್ಟಿ ಇರೋ, ಜಾರದ ತಳದ ಚಪ್ಪಲಿ ಕೊಡಿಸಿದ್ದೆ. ಅಪ್ಪನಿಗೆ ಶೂ. ಹಡಗಿನಲ್ಲಿ ಜಾಗರೂಕತೆ ಬೇಕಿರೋದು ಕಾಲಿಗೆ. ಈಜುಕೊಳದ ಸುತ್ತ ಒದ್ದೆ, ಡೆಕ್ಕಿಗೆ ಹೋಗೋ ಬಾಗಿಲುಗಳಿಗೆ ಎತ್ತರದ ಕಬ್ಬಿಣದ ಹೊಸ್ತಿಲು, ಕ್ಯಾಬಿನ್ನಿನ ಬಚ್ಚಲಿಗೂ ಒಂದು ಹೊಸ್ತಿಲು. ರಾತ್ರಿ ನಿದ್ದೆಗಣ್ಣಲ್ಲಿ ಎದ್ದವರು ಎಡವೋದು ಅಲ್ಲೇ. ಅಮ್ಮ ಎಡವಲಿಲ್ಲ, ಯಾಕಂದ್ರೆ ಹೊಸ್ತಿಲು ಕಂಡ ಕೂಡಲೇ ದಾಟಿ ಕಾಲಿಡೋದು ಅವಳ ರಕ್ತದಲ್ಲಿದೆ. ಅಪ್ಪ ಎರಡು ಸಲ ಎಡವಿದ್ರು. :-)

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಸೀರೆ ಎಲ್ಲ ಕಡೆಗೂ ಸರಿ ಅಂತ ನಾನು ಹೇಳ್ತಿಲ್ಲ. ಹಡಗು ದಡಕ್ಕೆ ತಾಗದೆ ಸಣ್ಣ ದೋಣಿಯಲ್ಲಿ ಇಳಿಸೋ ಊರುಗಳಿರುತ್ತವೆ, ಅಲ್ಲಿ ಚೂಡಿದಾರ ವಾಸಿ. ನೀರಿಗಿಳಿಯೋ ಆಸೆ ಇದ್ರಂತೂ ಈಜುಡುಗೆಯೇ ಬೇಕು, ಇಲ್ಲಾಂದ್ರೆ ಕೊಳಕ್ಕೆ ಬಿಡಲ್ಲ. ಆದ್ರೆ ಹತ್ತೋ ದಿನದ ಕ್ಯೂ, ಮೆಟ್ಟಿಲು, ಊಟಕ್ಕೆ, ದಿನಾ ಸೀರೆ ಉಟ್ಟು ಓಡಾಡೋ ಹೆಂಗಸಿಗೆ ಸೀರೆಗಿಂತ ಸಲೀಸಾದ ಬಟ್ಟೆ ಇಲ್ಲ. ಜೀವನದಲ್ಲಿ ಮೊದಲ ಸಲ ಹಾಕಿದ ಪ್ಯಾಂಟಿನಲ್ಲಿ ಸೊಂಟ ಎಳ್ಕೊಳ್ತಾ, ಟಾಪು ಜಗ್ಗಿಕೊಳ್ತಾ ಇರೋ ಅಮ್ಮ ಹಡಗಿನ ಯಾವ ಚಂದ ನೋಡ್ತಾಳೆ ಹೇಳಿ.

ಕೈಬ್ಯಾಗಿನ ವಿಷಯಕ್ಕೆ ಬರೋಣ. ಮೈಮೇಲೆ ಏನಿದೆ ಅನ್ನೋದಕ್ಕಿಂತ ಕೈಬ್ಯಾಗಿನಲ್ಲಿ ಏನಿದೆ ಅನ್ನೋದು ನೂರು ಪಾಲು ಮುಖ್ಯ. ನಮ್ಮ ಆಫೀಸಿನ ತೆಲುಗು ಗೆಳೆಯ ಒಬ್ಬ ಜುಲೈ ತಿಂಗಳಲ್ಲಿ ಅವರ ತಂದೆ ತಾಯಿನ ಕರ್ಕೊಂಡು ಹೋಗಿದ್ದ. ತಂದೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಮೇಲಿದ್ರು. ಮನೆಯವರು ಎಲ್ಲ ಅಚ್ಚುಕಟ್ಟಾಗಿ ಪ್ಯಾಕ್ ಮಾಡಿ, ಇನ್ಸುಲಿನ್ನೂ ಅದೇ ಅಚ್ಚುಕಟ್ಟುತನದಲ್ಲಿ ದೊಡ್ಡ ಸೂಟ್‌ಕೇಸಿಗೆ ಹೋಯ್ತು. ಸೂಟ್‌ಕೇಸು ಟೆಕ್ಸಸ್ಸಿನ ಬೇಸಿಗೆಯಲ್ಲಿ ಧಕ್ಕೆ ಮೇಲೆ ಎಷ್ಟು ಹೊತ್ತು ಇತ್ತೋ ದೇವರಿಗೇ ಗೊತ್ತು, ಕೈಗೆ ಸಿಕ್ಕಿದ್ದು ರಾತ್ರಿ ಎಂಟೂವರೆಗೆ. ಅಷ್ಟು ಹೊತ್ತು ಆ ಹಿರಿಯರು ಊಟ ಮಾಡಬೇಕೋ ಬಿಡಬೇಕೋ ಗೊತ್ತಾಗದೆ ಕೂತಿದ್ರು. ಸುತ್ತ ಎಲ್ಲ ಕಡೆ ಊಟವೋ ಊಟ! ಕಾಯ್ದ ಇನ್ಸುಲಿನ್ ಶಕ್ತಿ ಕಳಕೊಳ್ಳುತ್ತೆ ಅನ್ನೋ ಭಯ ಬೇರೆ. ಕೊನೆಗೆ ಹಡಗಿನ ಡಾಕ್ಟರ ಹತ್ರ ಹೋಗಿ, ಅದರ ಬಿಲ್ಲು ಕ್ಯಾಬಿನ್ ಲೆಕ್ಕಕ್ಕೆ ಬಿತ್ತು.

ಅದಕ್ಕೇ ಬಿಪಿ, ಶುಗರ್, ಥೈರಾಯ್ಡ್, ಏನೇ ಇರಲಿ, ಐದೂ ದಿನದ ಮಾತ್ರೆ, ಔಷಧಿ ಚೀಟಿ ಸಮೇತ, ಕೈಬ್ಯಾಗಿನಲ್ಲೇ. ಪಾಸ್‌ಪೋರ್ಟೂ ಅಲ್ಲೇ. ನಗಬೇಡಿ, ಪಾಸ್‌ಪೋರ್ಟನ್ನ ಸೂಟ್‌ಕೇಸಿನಲ್ಲಿಟ್ಟು ಪೋರ್ಟರಿಗೆ ಕೊಟ್ಟು ಆಮೇಲೆ ಅವನ ಹಿಂದೆ ಓಡೋ ದೃಶ್ಯ ಅವತ್ತು ನಮ್ಮ ಮುಂದೆಯೇ ನಡೀತು. ಕನ್ನಡಕ, ಫೋನ್ ಚಾರ್ಜರು, ಒಂದು ಜೊತೆ ಬಟ್ಟೆ. ಹೊಟ್ಟೆ ತೊಳಸೋ ಸಮಸ್ಯೆ ಇದ್ರೆ ಅದರ ಮಾತ್ರೆನೂ ಇರಲಿ. ಅದನ್ನ ಹಡಗು ಅಲ್ಲಾಡೋಕೆ ಮುಂಚೆ ತಗೊಂಡ್ರೆ ಕೆಲಸ ಮಾಡುತ್ತೆ, ವಾಂತಿ ಶುರುವಾದ ಮೇಲೆ ಅಲ್ಲ. ಹಿರಿಯರಿಗಾದ್ರೆ ಬೇರೆ ಮಾತ್ರೆಗಳ ಜೊತೆ ಹೊಂದುತ್ತಾ ಅಂತ ಡಾಕ್ಟರನ್ನ ಮೊದಲೇ ಕೇಳಿಬಿಡಿ.

ಪಾಸ್‌ಪೋರ್ಟು ಅಂದಾಗ ನೆನಪಾಯ್ತು. ಅಮೆರಿಕಾದಿಂದ ಹೊರಟು ಅದೇ ಬಂದರಿಗೆ ವಾಪಸ್ ಬರೋ ಹಡಗಾದ್ರೆ ಪಾಸ್‌ಪೋರ್ಟು ಬೇಡ, ಬರ್ತ್ ಸರ್ಟಿಫಿಕೇಟು, ಫೋಟೋ ಇರೋ ಐಡಿ ಸಾಕು ಅಂತ ಎಲ್ಲ ಕಡೆ ಬರೆದಿರ್ತಾರೆ. ಅದು ಅಮೆರಿಕನ್ ಪ್ರಜೆಗಳಿಗೆ. ನಮಗೆ ಪಾಸ್‌ಪೋರ್ಟೂ ಬೇಕು, ವಾಪಸ್ ಒಳಗೆ ಬರೋಕೆ ವೀಸಾನೂ ಬೇಕು. ಟೂರಿಸ್ಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದು ಮಲ್ಟಿಪಲ್ ಎಂಟ್ರಿ ಇದೆಯಾ ನೋಡ್ಕೊಳ್ಳಿ. ಮೆಕ್ಸಿಕೋಗೆ, ಚಾಲ್ತಿಯಲ್ಲಿರೋ ಅಮೆರಿಕಾ ವೀಸಾ ಇದ್ದವರಿಗೆ ಬೇರೆ ವೀಸಾ ಬೇಕಿಲ್ಲ, ಅದೊಂದು ಪುಣ್ಯ.

ಇನ್ನು ನಮ್ಮ ಜನರ ನಿಜವಾದ ಸಮಸ್ಯೆ: ಏನು ತಗೊಂಡು ಹೋಗಬಾರದು. ಹಡಗಿನವರಿಗೆ ಬೆಂಕಿ ಅಂದ್ರೆ ಪ್ರಾಣಭಯ. ಸುಮ್ಮನೆ ಅಲ್ಲ. 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ರ ಸ್ಟಾರ್ ಪ್ರಿನ್ಸೆಸ್ ಅನ್ನೋ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಕ್ಯಾಬಿನ್ ಹಾಳಾದವು, ಒಬ್ಬ ಪ್ರಯಾಣಿಕ ಸತ್ತರು. ಆರದ ಸಿಗರೇಟಿನಿಂದ ಹತ್ತಿದ್ದಿರಬೇಕು ಅಂತ ತನಿಖೆ ಹೇಳ್ತು. ನಡುನೀರಿನಲ್ಲಿ ಫೈರ್ ಎಂಜಿನ್ ಬರಲ್ಲ. ಹಾಗಾಗಿ ಊದುಬತ್ತಿ, ಕರ್ಪೂರ, ದೀಪ, ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಯಾವುದೂ ಬಿಡಲ್ಲ. ಹೌದು, ರೈಸ್ ಕುಕ್ಕರ್ ಹೊತ್ಕೊಂಡು ಹೋಗೋರು ಇದಾರೆ! ಎಕ್ಸ್‌ರೇನಲ್ಲಿ ಕಂಡ್ರೆ ಆ ಸೂಟ್‌ಕೇಸನ್ನೇ ಪಕ್ಕಕ್ಕಿಟ್ಟು ನಿಮ್ಮನ್ನ ಕರೆಸ್ತಾರೆ, ಬಟ್ಟೆ ಸಿಗೋದು ಇನ್ನೂ ತಡ. ಮನೇಲಿ ಮಾಡಿದ ತಿಂಡಿಗೂ ಹಲವು ಕಂಪನಿಗಳಲ್ಲಿ ಅನುಮತಿ ಇಲ್ಲ, ಸೀಲ್ ಒಡೆಯದ ಪ್ಯಾಕೆಟ್ ಆದ್ರೆ ನಡೆಯುತ್ತೆ. ಅಮ್ಮ ಮಾಡಿಟ್ಟಿದ್ದ ಕೋಡುಬಳೆ ನಾವು ಕಾರಲ್ಲೇ ಖಾಲಿ ಮಾಡಿದ್ವಿ, ಅದಕ್ಕೇನೂ ಕಷ್ಟ ಆಗಲಿಲ್ಲ. ಪೂಜೆಗೆ ಅಮ್ಮ ಒಂದು ಪುಟ್ಟ ಫೋಟೋ ಇಟ್ಕೊಂಡು ಕೈ ಮುಗಿದಳು, ದೀಪದ ಬದಲು ಕಿಟಕಿಯ ಸೂರ್ಯ.

ಸಮಯದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆನ್‌ಲೈನಿನಲ್ಲಿ ಕೊಟ್ಟ ಹೊತ್ತಿಗೆ ಹೋಗಿ. ಬೆಳಗ್ಗೆ ಎಂಟಕ್ಕೇ ಹೋಗಿ ನಿಂತ್ರೆ ಸೀಟು ಹಿಡಿಯೋಕೆ ಇದು ಧರ್ಮಸ್ಥಳದ ಬಸ್ಸಲ್ಲ. ಆದ್ರೆ ಹಿಂದಿನ ರಾತ್ರಿಯೇ ಆ ಊರಲ್ಲಿರಿ. ಹಡಗು ಹೊರಡೋಕೆ ಒಂದು ಗಂಟೆ ಮುಂಚೆ ಪ್ರಯಾಣಿಕರ ಪಟ್ಟಿ ಸರ್ಕಾರಕ್ಕೆ ಹೋಗಲೇಬೇಕು, ಅದಾದ ಮೇಲೆ ಬಂದವರನ್ನ ಕೈಮುಗಿದ್ರೂ ಹತ್ತಿಸಲ್ಲ. ಚಳಿಗಾಲದ ಗ್ಯಾಲ್ವೆಸ್ಟನ್‌ನಲ್ಲಿ ಇದರ ಉಲ್ಟಾನೂ ಆಗುತ್ತೆ: ಬೆಚ್ಚಗಿನ ಗಾಳಿ ದಡದ ತಣ್ಣನೆ ನೀರಿನ ಮೇಲೆ ಬಂದು ದಟ್ಟ ಮಂಜು ಕವಿದು, ಬರಬೇಕಾದ ಹಡಗೇ ಹೊರಗೆ ನಿಂತುಬಿಡುತ್ತೆ. ಕಂಪನಿ ಕಳಿಸೋ ಮೆಸೇಜ್ ನೋಡ್ತಾ ಇರಿ. ಹೆಚ್ಚು ಹೊತ್ತು ನಿಲ್ಲೋಕೆ ಆಗದ ಹಿರಿಯರಿದ್ರೆ ಗಾಲಿಕುರ್ಚಿ ಕೇಳಿ. ಅಪ್ಪ "ನಾನೇನು ಪೇಷಂಟಾ?" ಅಂತ ಸಿಡುಕಿದ್ರು, ಆಮೇಲೆ ಕೂತ್ರು.

ಈಗ ನಾನು ಈ ಪೋಸ್ಟ್ ಬರೆಯೋಕೆ ಕಾರಣವಾದ ಸಂಗತಿ. ಹತ್ತೋ ದಿನ "ಏನು ಮಾಡಬೇಕು" ಅಂತ ಕೇಳಿದ್ರೆ ಎಲ್ಲರೂ ಹೇಳೋದು ಬಫೆಗೆ ಓಡಿ, ಸ್ಪಾ ನೋಡಿ, ಶೋ ಬುಕ್ ಮಾಡಿ. ನಾನು ಹೇಳೋದು ಒಂದೇ: ಮಸ್ಟರ್ ಡ್ರಿಲ್ ಮಾಡಿ. ಅಂದ್ರೆ, ಅಪಾಯ ಬಂದ್ರೆ ನೀವು ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕ್ಕೋಬೇಕು ಅನ್ನೋ ಅಭ್ಯಾಸ. ಹಿಂದೆ ಎಲ್ಲರನ್ನೂ ಒಟ್ಟಿಗೆ ಸಾಲಾಗಿ ನಿಲ್ಲಿಸಿ ಮಾಡಿಸ್ತಿದ್ರು. 2020ರ ಕೋವಿಡ್ ಆದ ಮೇಲೆ ಹಲವು ಕಂಪನಿಗಳು ಬದಲಾಯಿಸಿದ್ವು. ಫೋನಿನಲ್ಲೋ ಕ್ಯಾಬಿನ್ ಟೀವಿಯಲ್ಲೋ ವಿಡಿಯೋ ನೋಡಿ, ಆಮೇಲೆ ನಿಮ್ಮ ಮಸ್ಟರ್ ಸ್ಟೇಷನ್ನಿಗೆ ಹೋಗಿ ಕಾರ್ಡು ತೋರಿಸಿದ್ರೆ ಮುಗೀತು. ಅನುಕೂಲ ಏನೋ ಹೌದು. ಆದ್ರೆ ಆಗ್ತಿರೋದೇನು? ವಿಡಿಯೋ ಓಡಿಸಿ ಫೋನು ಟೇಬಲ್ ಮೇಲೆ ಮಗುಚಿ ಹಾಕಿ ಪಿಜ್ಜಾ ತಿಂತಾರೆ. ಲಿಫ್ಟ್‌ನಲ್ಲಿ ಇಳಿದು ಕಾರ್ಡು ಬೀಪ್ ಅನ್ನಿಸಿ ಲಿಫ್ಟ್‌ನಲ್ಲೇ ವಾಪಸ್. ನಾವು ಐಟಿ ಮಂದಿ ಕಡ್ಡಾಯದ ಆನ್‌ಲೈನ್ ಟ್ರೈನಿಂಗನ್ನ ಮ್ಯೂಟ್ ಮಾಡಿ ನೆಕ್ಸ್ಟ್, ನೆಕ್ಸ್ಟ್ ಒತ್ತೋದಿಲ್ವೇ, ಅದೇ ಕಲೆ.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಂಡೆಗೆ ಕೋಸ್ಟಾ ಕಾಂಕಾರ್ಡಿಯಾ ಹಡಗು ಗುದ್ದಿತು. ಒಳಗಿದ್ದವರು 4,200ಕ್ಕೂ ಹೆಚ್ಚು ಜನ, ಸತ್ತವರು 32. ಆ ಸಂಜೆ ಚಿವಿಟಾವೆಕಿಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಆಗಿರಲೇ ಇಲ್ಲ, ಮಾರನೇ ದಿನಕ್ಕೆ ಇಟ್ಕೊಂಡಿದ್ರು. ಅದು ನಿಯಮದ ಉಲ್ಲಂಘನೆಯೂ ಅಲ್ಲ! ಹತ್ತಿದ 24 ಗಂಟೆ ಒಳಗೆ ಮಾಡಿದ್ರೆ ಸಾಕು ಅಂತ ಆಗಿನ ಅಂತರರಾಷ್ಟ್ರೀಯ ನಿಯಮ ಇತ್ತು. ಹಡಗು ಗುದ್ದಿದ್ದು ಹೊರಟ ಎರಡೂವರೆ ಗಂಟೆಯಲ್ಲಿ. ಆಮೇಲೆ ಕಂಪನಿಗಳು ತಾವಾಗೇ ಬದಲಾದ್ವು, 2015ರ ಜನವರಿ 1ರಿಂದ ನಿಯಮವೂ ಬದಲಾಯ್ತು, ಈಗ ಹೊರಡೋಕೆ ಮುಂಚೆ ಇಲ್ಲವೇ ಹೊರಟ ಕೂಡಲೇ ಆಗಲೇಬೇಕು. ಆ 32 ಜನರಲ್ಲಿ ಕೊನೆಗೆ ಪತ್ತೆಯಾದ ದೇಹ ಭಾರತದ ವೇಟರ್ ರಸೆಲ್ ರೆಬೆಲ್ಲೊ ಅವರದು, 2014ರ ನವೆಂಬರ್‌ನಲ್ಲಿ, ಹೆಚ್ಚುಕಡಿಮೆ ಮೂರು ವರ್ಷದ ನಂತರ. ತನ್ನ ಲೈಫ್ ಜಾಕೆಟನ್ನ ಬೇರೆಯವರಿಗೆ ಕೊಟ್ಟಿದ್ರು ಅಂತ ಪತ್ರಿಕೆಗಳು ಬರೆದವು. ನಮಗೆ ತಟ್ಟೆ ತಂದಿಡೋ ಹುಡುಗರಿಗೂ ಆ ರಾತ್ರಿ ಬಂದ್ರೆ ಕೆಲಸ ನಮ್ಮನ್ನ ದೋಣಿಗೆ ಹತ್ತಿಸೋದು. ಅವರು ಅದನ್ನ ಮತ್ತೆ ಮತ್ತೆ ಅಭ್ಯಾಸ ಮಾಡ್ತಾರೆ, ನಮ್ಮಿಂದ ಅವರು ಕೇಳೋದು ಹತ್ತು ನಿಮಿಷ.

ಬೆಂಗಳೂರಿನಲ್ಲಿ ಕೆಲಸ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆಫೀಸಿನ ಫೈರ್ ಡ್ರಿಲ್ ಅಂದ್ರೆ ನಮಗೆ ಕೆಳಗೆ ಹೋಗಿ ಟೀ ಕುಡಿಯೋ ಅವಕಾಶ. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತಿದ್ದು ಹೊಗೆ ತುಂಬಿ, ಹೊರಗೆ ಹೋಗೋ ದಾರಿ ಸಿಗದೆ. ಕೆಲವರು ಮೇಲಿಂದ ಹಾರಿದ್ರು. ದಾರಿ ಎಲ್ಲಿದೆ ಅನ್ನೋದು ಹೊಗೆ ಬರೋ ಮುಂಚೆ ಕಾಲಿಗೆ ಗೊತ್ತಿರಬೇಕು.

ನಮ್ಮಪ್ಪ ಕೆಇಬಿಯಲ್ಲಿ ಇದ್ದವರು. (ಈಗಿನ ಹೆಸರು ಬೇರೆ, ಆದ್ರೆ ನಮ್ಮನೇಲಿ ಇನ್ನೂ ಕೆಇಬಿನೇ.) ಕಂಬ ಹತ್ತೋ ಮುಂಚೆ ಫ್ಯೂಸ್ ತೆಗೆದು ಜೇಬಿಗೆ ಹಾಕ್ಕೋ, ಬೇರೆಯವನ ಮಾತು ನಂಬಬೇಡ, ಅನ್ನೋದು ಅವರ ಸರ್ವೀಸಿನ ಪಾಠ. ಹಾಗಾಗಿ ಡ್ರಿಲ್ ಬಗ್ಗೆ ಅವರಿಗೆ ನಾನು ಹೇಳೋದು ಏನೂ ಇರಲಿಲ್ಲ. ಕ್ಯಾಬಿನ್ ಸಿಕ್ಕ ಕೂಡಲೇ ಬಾಗಿಲ ಹಿಂದಿನ ನಕ್ಷೆ ಓದಿದ್ರು. ನಮ್ಮದು ಎಂಟನೇ ಡೆಕ್ಕು, ಮಸ್ಟರ್ ಸ್ಟೇಷನ್ನು ನಾಲ್ಕನೇದರಲ್ಲಿ. "ಲಿಫ್ಟ್ ಬೇಡ, ಅವತ್ತು ಲಿಫ್ಟ್ ಇರಲ್ಲ" ಅಂತ ಮಂಡಿನೋವು ಮರೆತು ಮೆಟ್ಟಿಲಲ್ಲೇ ಇಳಿದ್ರು, ಎಣಿಸ್ತಾ. ಅಮ್ಮ ಹಿಂದೆ, ನೆರಿಗೆ ಒಂಚೂರು ಎತ್ತಿ ಹಿಡಿದು, ನನಗಿಂತ ಚುರುಕಾಗಿ. ಕೆಳಗೆ ಇದ್ದ ಹುಡುಗಿ ಕಾರ್ಡು ಬೀಪ್ ಅನ್ನಿಸಿ ಥ್ಯಾಂಕ್ಯೂ ಅಂದ್ಳು. ಅಪ್ಪ ಬಿಡಲಿಲ್ಲ. ದೋಣಿ ಯಾವುದು, ಅದಕ್ಕೆ ಎಷ್ಟು ಜನ, ಸೈರನ್ ಹೇಗಿರುತ್ತೆ, ಎಲ್ಲ ನನ್ನ ಕೈಲಿ ಕೇಳಿಸಿದ್ರು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಅಮ್ಮಂಗೆ ಅದನ್ನ ಶಿಳ್ಳೆ ಹೊಡೆದು ಕಲಿಸಿದ್ರು, ಪಕ್ಕದಲ್ಲಿದ್ದ ಟೆಕ್ಸಸ್ ಅಜ್ಜಿ ಒಬ್ರು ನಿಂತು ಕಲಿತ್ರು.

ಮೇಲೆ ಬಂದು ಅಲ್ಮೇರಾದಲ್ಲಿದ್ದ ಲೈಫ್ ಜಾಕೆಟ್ ತೆಗೆದು ಅಮ್ಮಂಗೆ ಸೀರೆ ಮೇಲೇ ಹಾಕಿಸಿ ನೋಡಿದ್ವಿ. ಸೆರಗನ್ನ ಸೊಂಟಕ್ಕೆ ಸಿಕ್ಕಿಸಿ, ಪಟ್ಟಿ ಬಿಗಿದ್ರೆ ಸರಿಯಾಗಿ ಕೂತಿತು. ನೀರಿಗೆ ಬಿದ್ರೆ ಅಷ್ಟುದ್ದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತೆ ಅನ್ನೋದು ನಿಜ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಡ್ರಿಲ್ ಇರೋದೇ ನೀರಿಗೆ ಬೀಳದೆ, ಒಣಗಿದ ಕಾಲಲ್ಲಿ ದೋಣಿಗೆ ಹತ್ತೋಕೆ. ದಾರಿ ಗೊತ್ತಿರೋ ಸೀರೆಯ ಹೆಂಗಸು, ದಾರಿ ಗೊತ್ತಿಲ್ಲದ ಬಿಳಿ ಪ್ಯಾಂಟಿನವಳಿಗಿಂತ ಮುಂಚೆ ಅಲ್ಲಿರ್ತಾಳೆ. ಚಿಕ್ಕಮ್ಮನ ಮಗಳ ಪಟ್ಟಿಯಲ್ಲಿ ಡ್ರಿಲ್ ಅನ್ನೋ ಪದವೇ ಇರಲಿಲ್ಲ.

ಊಟದ ಬಗ್ಗೆ ಎರಡು ಮಾತು, ಯಾಕಂದ್ರೆ ಇದೂ ಮೊದಲ ದಿನದ ಕೆಲಸವೇ. ಸಸ್ಯಾಹಾರಿಗಳು ಮೊದಲ ರಾತ್ರಿಯೇ ಡೈನಿಂಗ್ ಹಾಲಿನ ಹೆಡ್ ವೇಟರಿಗೆ ಹೇಳಿಬಿಡಿ. ಮೊಟ್ಟೆ ಬೇಡ, ಈರುಳ್ಳಿ ಬೇಡ ಅನ್ನೋದಿದ್ರೂ. ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರ್ತಾರೆ, ಒಂದು ದಿನ ಮುಂಚೆ ಹೇಳಿದ್ರೆ ದಾಲು, ಪಲ್ಯ, ಅನ್ನ ಬರುತ್ತೆ. ನಾವು ಕೂತು ನಾನು ಇಂಗ್ಲಿಷಿನಲ್ಲಿ ವಿವರಿಸೋಕೆ ಶುರು ಮಾಡಿದ್ದೆ. ನೀರು ಹಾಕ್ತಿದ್ದ ಹುಡುಗ ಅಮ್ಮನ ಸೀರೆ ನೋಡ್ದ, ನಮ್ಮ ಮಾತು ಕೇಳಿಸ್ಕೊಂಡ, ಜಗ್ಗು ಕೆಳಗಿಟ್ಟು "ಅಮ್ಮ, ನಿಮ್ಗೆ ಊರಲ್ಲಿ ಎಲ್ಲಾಯ್ತು?" ಅಂದ. ಮಂಗಳೂರಿನವನು. ಹಡಗು ಹತ್ತಿ ಏಳು ತಿಂಗಳಾಗಿತ್ತಂತೆ, ಇನ್ನೆರಡು ತಿಂಗಳು ಕಳೆದ್ರೆ ಊರು. ಅಮ್ಮ ಅವನ ತಾಯಿ ಹೆಸರು, ತಂಗಿ ಮದುವೆ, ಮನೆಗೆ ಯಾವಾಗ ಫೋನ್ ಮಾಡ್ತಾನೆ ಎಲ್ಲ ವಿಚಾರಿಸಿದಳು. ಐದು ದಿನ ನಮ್ಮ ಟೇಬಲ್ಲಿಗೆ ಮೊಸರು ತಪ್ಪಲಿಲ್ಲ. ಆ ಹಡಗಿನಲ್ಲಿ ಅಮ್ಮನ ಸೀರೆಯನ್ನ ನಿಂತು ನೋಡಿದವನು ಅವನೊಬ್ಬನೇ.

ನಾಲ್ಕು ಗಂಟೆ ಹೊತ್ತಿಗೆ ಹಡಗು ಬಿಡುತ್ತೆ. ಆಗ ಕ್ಯಾಬಿನ್ನಿನಲ್ಲಿ ಸೂಟ್‌ಕೇಸಿಗೆ ಕಾಯ್ತಾ ಕೂರಬೇಡಿ, ಮೇಲಿನ ಡೆಕ್ಕಿಗೆ ಹೋಗಿ. ಗ್ಯಾಲ್ವೆಸ್ಟನ್ ಕಾಲುವೆಯಲ್ಲಿ, ಬೊಲಿವರ್ ಕಡೆ ಹೋಗೋ ಫೆರ್ರಿ ದಾಟೋ ಜಾಗದಲ್ಲಿ ಡಾಲ್ಫಿನ್‌ಗಳು ಕಾಣೋದುಂಟು, ಎರಡೂ ಪಕ್ಕ ನೋಡ್ತಾ ಇರಿ. ಬಂಡೆಗೋಡೆ ದಾಟಿ ಬಯಲು ಸಮುದ್ರಕ್ಕೆ ಬಿದ್ದ ಕೂಡಲೇ ಗಾಳಿ ಜೋರಾಗುತ್ತೆ. ಟೋಪಿ ಹಾಕಿದವರದು ಹಾರಿ ಹೋಗುತ್ತೆ, ನಮ್ಮ ಕಣ್ಣೆದುರೇ ಎರಡು ಹೋದ್ವು. ಸೀರೆ ಉಟ್ಟವರು ಸೆರಗಿಗೆ ಎರಡು ಸೇಫ್ಟಿ ಪಿನ್ ಜಾಸ್ತಿ ಇಟ್ಕೊಂಡಿರಿ.